ಧಾರವಾಡದ ಈಜುಕೊಳದ ಆ ಜೀವರಕ್ಷಕರಿಗೆ ಧನ್ಯವಾದ

ಬಟರ್‌ಫ್ಲೈ ಈಜಿನಲ್ಲಿ (ಎರಡೂ ಕೈಗಳನ್ನು ಒಟ್ಟಿಗೆ ನೀರಿನ ಮೇಲಿಂದ ಮುಂದಕ್ಕೆ ಬೀಸುವ ಶೈಲಿ) 25 ಮೀಟರ್ ದಾಟುವಷ್ಟರಲ್ಲಿ ಭುಜ ಸೋತು, ಸೊಂಟ ಮುಳುಗಿ, ಉಸಿರು ಕಟ್ಟಿದಂತಾಗುತ್ತಿದ್ದ ನಾನು ಕಳೆದ ವಾರ ಧಾರವಾಡದ ಈಜುಕೊಳದ ಅಂಚು ಹಿಡಿದು, ಈ ಶೈಲಿಯನ್ನೇ ಕೈಬಿಡುವ ಯೋಚನೆಯಲ್ಲಿದ್ದೆ. ಕೆಲಸ ಮುಗಿಸಿ ಮನೆಗೆ ಹೊರಟಿದ್ದ ಜೀವರಕ್ಷಕರೊಬ್ಬರು ಹೆಗಲ ಚೀಲ ಕೆಳಗಿಟ್ಟು, ಒದ್ದೆ ಕಟ್ಟೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, “ಅಕ್ಕಾರ, ಉಸಿರು ತಗೊಳ್ಳೂಮುಂದ ತಲಿ ಮ್ಯಾಲ ಎತ್ತಬ್ಯಾಡ್ರಿ, ಗದ್ದ ನೀರಿಗೆ ಹತ್ತಿಸಿ ಮುಂದ ಚಾಚ್ರಿ” ಎಂದರು. ತಲೆ ಎದ್ದಷ್ಟೂ ಸೊಂಟ ಇಳಿಯುತ್ತದೆ ಎಂಬುದನ್ನು ಅವರು ಅಂಗೈಯನ್ನು ನೀರಿನ ಮೇಲೆ ಮಲಗಿಸಿ, ಬೆರಳ ತುದಿಗಳನ್ನಷ್ಟೇ ಎತ್ತಿ ತೋರಿಸಿದರು.

ಕೈಗಳ ಒಂದು ಸುತ್ತಿಗೆ ಎರಡು ಒದೆತ: ಕೈಗಳು ನೀರಿಗಿಳಿಯುವಾಗ ಒಂದು, ತೊಡೆಯ ಬಳಿ ನೀರನ್ನು ಹಿಂದಕ್ಕೆ ತಳ್ಳಿ ಹೊರಬರುವಾಗ ಇನ್ನೊಂದು. ಕೈಗಳನ್ನು ಹಗುರವಾಗಿ ಮೇಲೆತ್ತಿಕೊಡುವ ಆ ಎರಡನೆಯ ಒದೆತದ ಹೊತ್ತಿಗೆ ಸರಿಯಾಗಿ ಚಪ್ಪಾಳೆ ತಟ್ಟುತ್ತ, ನಾನು ಈಜಿದಷ್ಟು ದೂರವೂ ಅವರು ಅಂಚಿನುದ್ದಕ್ಕೂ ನಡೆದು ಬಂದರು; ಇದು ಅವರ ಕೆಲಸದ ಭಾಗವಾಗಿರಲಿಲ್ಲ. ಭುಜ ಸೆಳೆಯದೆ ಎದುರಿನ ಗೋಡೆಯನ್ನು, ನಿಯಮದಂತೆ ಎರಡೂ ಕೈಗಳಿಂದ ಒಮ್ಮೆಗೇ ಮುಟ್ಟಿದಾಗ ನನಗಾದ ನೆಮ್ಮದಿ ಹೇಳತೀರದು.

ಹೆಸರು ಕೇಳುವಷ್ಟರಲ್ಲಿ ಹುಬ್ಬಳ್ಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟ ಆ ಅಣ್ಣನವರಿಗೆ ನನ್ನ ಮನಃಪೂರ್ವಕ ಧನ್ಯವಾದಗಳು.