ಭಟ್ಟಿಯ ಕಥೆ ಆಮೇಲೆ, ಮೊದಲು ನಿಮ್ಮ ಮನೆಯ ಲೆಕ್ಕ

ದಾವಣಗೆರೆ

ಪ್ರೀತಿಯ ಹುಡುಗಿ,

ನಿನ್ನ ಕಥೆ ಓದಿದೆ. ಜೊತೆಗೆ ಕಳಿಸಿದ್ದ ಪತ್ರವನ್ನೂ ಓದಿದೆ. ಸುತ್ತಿ ಬಳಸಿ ಹೇಳುವುದು ಬೇಡ, ಪತ್ರವೇ ಚೆನ್ನಾಗಿದೆ. ಕಥೆಯಲ್ಲಿ ಮಂಡಕ್ಕಿ ಹುರಿಯುವ ಭಟ್ಟಿಯ ಹೆಂಗಸು ಇದ್ದಾಳೆ, ಹೊಗೆ ಇದೆ, ಕೆಮ್ಮು ಇದೆ, ಕೊನೆಗೆ ಒಂದು ಸಾವೂ ಇದೆ. ಪತ್ರದಲ್ಲಿ ನೀನಿದ್ದೀಯ. ಎಂಸಿಸಿ ಬಿ ಬ್ಲಾಕಿನ ಮನೆ, ಅಪ್ಪನ ನರ್ಸಿಂಗ್ ಹೋಮು, ಪಿಯುಸಿ ಆದಮೇಲೆ ಒಂದು ವರ್ಷ ಮನೆಯಲ್ಲೇ ಕೂತು ನೀಟ್‌ಗೆ ಮತ್ತೆ ಓದಿದ್ದು, ಅದು ಆಗದೆ ಬಿ.ಎ.ಗೆ ಸೇರಿದ್ದು. ಆಮೇಲೆ, ಸಾಲು ಸಾಲಿಗೂ ಮೇಡಂ ಅಂದಿದ್ದೀಯ. ಅಕ್ಕ ಅಂದರೆ ಸಾಕು.

"ಇದ್ದವರ ಮನೆಯಲ್ಲಿ ಹುಟ್ಟಿದ ನನಗೆ ಇಲ್ಲದವರ ಬಗ್ಗೆ ಬರೆಯುವ ಹಕ್ಕು ಇದೆಯಾ?" ಅಂತ ಕೇಳಿದ್ದೀಯ. ಈಗಿನ ಹುಡುಗರು ಜಾಸ್ತಿ ಕೇಳುವ ಪ್ರಶ್ನೆ ಇದು. ನನಗೆ ಅಷ್ಟಾಗಿ ಇಷ್ಟವಿಲ್ಲ. ಬರೆಯಬೇಡ ಅಂತ ಯಾರೂ ಬಾಗಿಲಲ್ಲಿ ನಿಂತು ತಡೆಯುವುದಿಲ್ಲ. ಬರೆಯಬಹುದು. ಆದರೆ ನಿನಗೆ ಏನು ಗೊತ್ತು? ಭಟ್ಟಿಯ ಬದುಕನ್ನು ಭಟ್ಟಿಯಲ್ಲಿ ಬೆಳೆದ ಹುಡುಗಿ ನಿನಗಿಂತ ಚೆನ್ನಾಗಿ ಬರೆಯುತ್ತಾಳೆ. ಅವಳಿಗೆ ನಿಮ್ಮಂಥ ಮನೆಯ ಅಡುಗೆಮನೆ ಗೊತ್ತು, ಬಚ್ಚಲು ಗೊತ್ತು, ನಿಮ್ಮ ಜಗಳಗಳೂ ಗೊತ್ತು. ಬೀರುವಿನೊಳಗಿನ ಕಾಗದ ಪತ್ರ ಗೊತ್ತಿಲ್ಲ. ರಾತ್ರಿ ಊಟ ಆದಮೇಲೆ ದೊಡ್ಡವರು ಬಾಗಿಲು ಮುಂದೆ ಮಾಡಿಕೊಂಡು ಆಡುವ ಮಾತು ಗೊತ್ತಿಲ್ಲ. ಆ ಹೊತ್ತಿನಲ್ಲಿ ಅವಳು ಹೊರಗೆ. ನೀನು ಒಳಗೆ, ಅಪ್ಪನ ತೊಡೆಯ ಮೇಲೆ.

ಅದನ್ನು ಬರೆದವರು ಕಡಿಮೆ. ಬಡತನದ ಬಗ್ಗೆ ನಮ್ಮಲ್ಲಿ ರಾಶಿ ಕಥೆಗಳಿವೆ. ದುಡ್ಡಿನ ಬಗ್ಗೆ ಇಲ್ಲ.

ನಿನ್ನ ಕಥೆಯನ್ನೇ ತಗೋ. ಅದರಲ್ಲಿ ಎಲ್ಲೂ ಒಂದು ರೂಪಾಯಿಯ ಲೆಕ್ಕವಿಲ್ಲ. ಆ ಹೆಂಗಸಿಗೆ ದಿನಗೂಲಿಯೋ, ಚೀಲದ ಲೆಕ್ಕವೋ? ಭತ್ತ ಯಾರದು? ಭಟ್ಟಿ ಸ್ವಂತದ್ದೋ, ಬಾಡಿಗೆಯದ್ದೋ? ಸಾಹುಕಾರನ ಹತ್ತಿರ ಮುಂಗಡ ತಗೊಂಡಿದ್ದಾಳಾ? ಮಂಡಕ್ಕಿ ಆಗಬೇಕಾದರೆ ಭತ್ತ ನೆನೆಸಬೇಕು, ಬೇಯಿಸಬೇಕು, ಒಣಗಿಸಬೇಕು, ಹೊಟ್ಟು ಬಿಡಿಸಬೇಕು, ಉಪ್ಪುನೀರು ಹಿಡಿಸಬೇಕು, ಆಮೇಲೆ ಕಾದ ಮರಳಿನಲ್ಲಿ ಹುರಿಯಬೇಕು. ಮಳೆಗಾಲದಲ್ಲಿ ಭತ್ತ ಒಣಗದಿದ್ದರೆ ಅವತ್ತಿನ ಕೂಲಿ ಏನಾಗುತ್ತದೆ? ನೀನು ಇದ್ಯಾವುದನ್ನೂ ಕೇಳಿಲ್ಲ. "ಬೆಂಕಿಯ ಕೆನ್ನಾಲಿಗೆ" ಅಂತ ಬರೆದಿದ್ದೀಯ. ಒಲೆಗೆ ಹಾಕುವುದು ಅದೇ ಭತ್ತದ ಹೊಟ್ಟು. ಅದನ್ನು ಕೈಬಿಡದೆ ಹಾಕುತ್ತಲೇ ಇರಬೇಕು. ನಿನ್ನ ಕಥೆಯಲ್ಲಿ ಕೆನ್ನಾಲಿಗೆ ತಾನಾಗೇ ಉರಿಯುತ್ತದೆ. ಕೆಲಸ ಮಾಡುವವರು ಮನೆಯಲ್ಲಿದ್ದು ಅಭ್ಯಾಸವಾದವರ ಬರವಣಿಗೆ ಹೀಗಿರುತ್ತದೆ. ಒಲೆ ಉರಿಯುತ್ತದೆ, ನೀರು ಕಾಯುತ್ತದೆ, ಹಾಸಿಗೆ ಮಡಿಚಿಟ್ಟಿರುತ್ತದೆ. ಯಾರು ಮಾಡಿದರು ಅಂತ ವಾಕ್ಯದಲ್ಲೂ ಇರುವುದಿಲ್ಲ.

ಇನ್ನೊಂದು. ನಿನ್ನ ಭಟ್ಟಿಯ ಹೆಂಗಸು ಕಥೆ ಮುಗಿಯುವ ತನಕ ಒಂದು ಸಲವೂ ಯಾರನ್ನೂ ಬೈಯುವುದಿಲ್ಲ. ದಾವಣಗೆರೆಯಲ್ಲಿ ಬೈಯದ ಹೆಂಗಸನ್ನು ನಾನಂತೂ ನೋಡಿಲ್ಲ. ನಮ್ಮೂರಿಗೆ ಬಂದ ನೆಂಟರನ್ನು ನಾವು ಬೆಣ್ಣೆ ದೋಸೆಗೆ ಕರೆದುಕೊಂಡು ಹೋಗುತ್ತೇವೆ, ಸಂಜೆ ಮಿರ್ಚಿ ಮಂಡಕ್ಕಿ ಕೊಡಿಸುತ್ತೇವೆ. ಮಂಡಕ್ಕಿ ಭಟ್ಟಿ ಲೇಔಟಿಗೆ ಯಾರೂ ಕರೆದುಕೊಂಡು ಹೋಗುವುದಿಲ್ಲ. ನೀನು ಹೋಗಿ ಬಂದೆ, ಒಳ್ಳೆಯದೇ. ಆದರೆ ಒಂದು ಮಧ್ಯಾಹ್ನ ಹೋಗಿ ಬಂದರೆ ಹೊಗೆ ಮಾತ್ರ ಕಾಣುತ್ತದೆ.

ನಾನು ಬೆಳೆದದ್ದು ಪಿ.ಜೆ. ಬಡಾವಣೆಯಲ್ಲಿ. ಅಪ್ಪನದು ದಲ್ಲಾಲಿ ಅಂಗಡಿ, ಅಂದರೆ ರೈತರ ಮಾಲು ಮಾರಿಸಿಕೊಟ್ಟು ಕಮಿಷನ್ ತಗೊಳ್ಳುವುದು. ಆಗ ಹತ್ತಿ, ಶೇಂಗಾ ಜಾಸ್ತಿ ಬರುತ್ತಿತ್ತು. ಜಗಳೂರು ಕಡೆಯ ರೈತರು ರಾತ್ರಿಯೇ ಗಾಡಿ ಕಟ್ಟಿಕೊಂಡು ಬಂದು ಅಂಗಡಿ ಮುಂದೆ ಮಲಗುತ್ತಿದ್ದರು. ರಜೆ ಇದ್ದಾಗ ನಾನು ಅಪ್ಪನ ಜೊತೆ ಹೋಗಿ ಗಾದಿಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದೆ. ಗುಮಾಸ್ತರು ಕಿರ್ದಿ, ಅಂದರೆ ಲೆಕ್ಕದ ಪುಸ್ತಕ, ನೋಡಿಕೊಂಡು ರೈತನಿಗೆ ಪಟ್ಟಿ ಬರೆದು ಕೊಡುತ್ತಿದ್ದರು. ಆ ಪಟ್ಟಿ ನಂಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಲುಗಡೆ ಮಾಲಿನ ತೂಕ, ದರ, ಒಟ್ಟು ಹಣ. ನೋಡಿದರೆ ಖುಷಿಯಾಗುವ ಹಾಗಿರುತ್ತಿತ್ತು. ಕೆಳಗೆ ಕಳೆಯುವ ಲೆಕ್ಕ. ದಲ್ಲಾಲಿ, ಹಮಾಲಿ, ತೂಕದವರ ಕೂಲಿ. ಮುಂಗಾರಿನಲ್ಲಿ ಬೀಜ ಗೊಬ್ಬರಕ್ಕೆ ಅಂತ ಅಪ್ಪನೇ ಕೊಟ್ಟಿದ್ದ ಸಾಲ. ಅದರ ಬಡ್ಡಿ. ಸಾಲ ನಮ್ಮಲ್ಲಿ ತಗೊಂಡ ಮೇಲೆ ಮಾಲನ್ನೂ ನಮ್ಮ ಅಂಗಡಿಗೇ ಹಾಕಬೇಕು, ಪಕ್ಕದ ಅಂಗಡಿಯಲ್ಲಿ ನಾಲ್ಕು ಕಾಸು ಜಾಸ್ತಿ ಸಿಕ್ಕರೂ ಅತ್ತ ಹೋಗುವ ಹಾಗಿಲ್ಲ. ಇನ್ನೊಂದು ಬಾಬತ್ತು ಇರುತ್ತಿತ್ತು, ಧರ್ಮಾದಾಯ ಅಂತ. ಅಂದರೆ ದಾನಧರ್ಮಕ್ಕೆ. ಅದನ್ನೂ ರೈತನ ಹಣದಲ್ಲೇ ಮುರಿದುಕೊಳ್ಳುತ್ತಿದ್ದರು. ಆ ಹಣದಿಂದ ಗುಡಿಗೆ ದೀಪದ ಕಂಬ ಕೊಡಿಸಿದರೆ ಕಲ್ಲಿನ ಮೇಲೆ ಕೆತ್ತಿಸುತ್ತಿದ್ದ ಹೆಸರು ಮಾತ್ರ ನಮ್ಮ ಮನೆತನದ್ದು.

ಎಲ್ಲ ಕಳೆದು ಉಳಿದದ್ದಕ್ಕೆ ರೈತ ಹೆಬ್ಬೆಟ್ಟು ಒತ್ತಿ, ಹಣ ಎಣಿಸಿ ಒಳಜೇಬಿಗೆ ಇಟ್ಟುಕೊಂಡು, ಅಪ್ಪನಿಗೆ ಕೈಮುಗಿದು ಹೋಗುತ್ತಿದ್ದ.

ಹೊರಗಡೆ ಇನ್ನೊಂದು ಲೆಕ್ಕ. ಹಮಾಲರು ಕೊಕ್ಕೆ ಹಾಕಿ ಚೀಲ ಎತ್ತುವಾಗ ಒಂದಿಷ್ಟು ಶೇಂಗಾ ಉದುರುತ್ತಿತ್ತು. ಅದನ್ನು ಗುಡಿಸಿಕೊಳ್ಳಲು ಹೆಂಗಸರು ಕಾಯುತ್ತಿದ್ದರು. ಗುಡಿಸಿ, ಮಣ್ಣು ಕೇರಿ, ಸಂಜೆ ಅದನ್ನೇ ಮಾರಿಕೊಂಡು ಹೋಗುತ್ತಿದ್ದರು. ಅಂಗಳ ಸ್ವಚ್ಛ ಆಗುತ್ತಿತ್ತು, ಅಂಗಡಿಯವರು ಕೂಲಿ ಕೊಡುವ ಗೋಜಿಲ್ಲ. ಗುಡಿಸಲು ಬಿಟ್ಟದ್ದೇ ಕೂಲಿ. ಅದಕ್ಕೂ ಅವರು ಅಪ್ಪನಿಗೆ "ನಿಮ್ಮ ಹೊಟ್ಟೆ ತಣ್ಣಗಿರಲಿ" ಅನ್ನುತ್ತಿದ್ದರು.

ಅಪ್ಪ ಕೆಟ್ಟವರಲ್ಲ. ಇದನ್ನು ಸರಿಯಾಗಿ ಕೇಳಿಸಿಕೋ. ರೈತರ ಮನೆ ಮದುವೆಗೆ ತಪ್ಪದೆ ಹೋಗುತ್ತಿದ್ದರು. ಯಾರದೋ ಮಗುವಿಗೆ ಹುಷಾರಿಲ್ಲ ಅಂದರೆ ರಾತ್ರಿ ಹನ್ನೆರಡಕ್ಕೂ ಗಲ್ಲಾಪೆಟ್ಟಿಗೆ ತೆಗೆಯುತ್ತಿದ್ದರು. ಆ ಹಣವೂ ಖಾತೆಗೆ ಏರುತ್ತಿತ್ತು, ಬಡ್ಡಿಯ ಸಮೇತ. ಅಪ್ಪನನ್ನು ರಾಕ್ಷಸ ಮಾಡಿ ಬರೆದರೆ ಕಥೆ ಸುಲಭ. ಓದುವವರು ಕೂಡ ಬೇರೆ ಯಾರನ್ನೋ ಬೈದು ಹಗುರಾಗುತ್ತಾರೆ. ಒಳ್ಳೆಯ ಮನುಷ್ಯ, ಆ ಪಟ್ಟಿ, ಎರಡನ್ನೂ ಒಂದೇ ಪುಟದಲ್ಲಿ ತರುವುದು ಕಷ್ಟ. ನಿನ್ನ ಕೆಲಸ ಅಲ್ಲಿದೆ.

ನಿಮ್ಮಪ್ಪನೂ ಒಳ್ಳೆಯವರು ಅಂತ ಬರೆದಿದ್ದೀಯ, ನಂಬುತ್ತೇನೆ. ಹಾಗಾದರೆ ನರ್ಸಿಂಗ್ ಹೋಮಿನ ಬಿಲ್ಲಿನ ಕೌಂಟರಿನಲ್ಲಿ ಒಂದಿಷ್ಟು ದಿನ ಕೂರು. ಹರಪನಹಳ್ಳಿ ಕಡೆಯಿಂದ ಬಂದವರು ಡಿಸ್ಚಾರ್ಜ್ ದಿನ ಯಾರಿಗೆ ಫೋನ್ ಮಾಡುತ್ತಾರೆ, ಏನನ್ನು ಅಡ ಇಡುತ್ತಾರೆ, ನಿಮ್ಮಪ್ಪ ಬಿಲ್ಲಿನಲ್ಲಿ ಎಷ್ಟು ಬಿಡುತ್ತಾರೆ, ಬಿಟ್ಟದ್ದನ್ನು ಮನೆಯಲ್ಲಿ ಎಷ್ಟು ಸಲ ಹೇಳುತ್ತಾರೆ. ಇದನ್ನೆಲ್ಲ ನೋಡಲು ನೀನು ಯಾವ ಓಣಿಗೂ ಹೋಗಬೇಕಾಗಿಲ್ಲ.

ಇದ್ದವರ ಮನೆಯಲ್ಲಿ ಇನ್ನೊಂದು ಅಭ್ಯಾಸ ಇದೆ, ಗಮನಿಸು. ಕಳೆದುಕೊಂಡದ್ದರ ಕಥೆಯನ್ನು ಉದ್ದಕ್ಕೆ ಹೇಳುತ್ತಾರೆ. ಗಳಿಸಿದ್ದರ ಕಥೆ "ಕಷ್ಟಪಟ್ಟು ದುಡಿದೆವು" ಅನ್ನುವುದರಲ್ಲಿ ಮುಗಿಯುತ್ತದೆ. ನಮ್ಮ ತಾತನಿಗೆ ಜಮೀನಿತ್ತು, ಗೇಣಿಗೆ ಕೊಟ್ಟಿದ್ದರು. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು. ಉಳುತ್ತಿದ್ದವರ ಹೆಸರಿಗೆ ಜಮೀನಾಯಿತು. ನಮ್ಮ ಅಜ್ಜಿ ಸಾಯುವ ತನಕ "ನಮ್ಮ ಹೊಲ ಹೋಯ್ತು" ಅಂತ ಅಂದರು. ಯಾವ ನೆಂಟರು ಬಂದರೂ ಅದೇ ಮಾತು. ಹೋದದ್ದು ಮಳೆ ನಂಬಿದ ಖುಷ್ಕಿ ಹೊಲ. ಭದ್ರಾ ನಾಲೆಯ ಕೆಳಗಿನ ಗದ್ದೆ ಸ್ವಂತ ಸಾಗುವಳಿಯಲ್ಲಿತ್ತು, ಅದು ಹಾಗೇ ಉಳಿಯಿತು. ಆ ಗದ್ದೆಯ ಭತ್ತದಿಂದಲೇ ಮನೆಗೆ ಫ್ರಿಜ್ಜು ಬಂತು, ಚಿಕ್ಕಪ್ಪ ಎಂಜಿನಿಯರಿಂಗ್ ಓದಿದ. ನಾಲೆ ಎಲ್ಲಿ ಹಾದು ಹೋಗಬೇಕು ಅಂತ ನಾವೇನು ಬೆವರು ಸುರಿಸಿ ತೀರ್ಮಾನಿಸಿರಲಿಲ್ಲ. ಜಗಳೂರಿನವರಿಗೆ ಆ ನೀರು ಬರಲಿಲ್ಲ. ನಾಲೆ ಇದ್ದ ಕಡೆಯೂ ಮೇಲಿನವರು ನೀರು ಕಟ್ಟಿಕೊಂಡರೆ ಕೊನೆ ಭಾಗದವರ ಪೈರು ಒಣಗುತ್ತದೆ. ಅವರು ರಸ್ತೆಗಿಳಿದು ಕೂರುವುದನ್ನು ನೀನೂ ನೋಡಿದ್ದೀಯ ಅಲ್ವಾ? ನಮ್ಮ ಮನೆಯಲ್ಲಿ ಈ ನೀರಿನ ಕಥೆಯನ್ನು ಯಾರೂ ಹೇಳಲಿಲ್ಲ. ಹೊಲ ಹೋದ ಕಥೆಯನ್ನು ಮಾತ್ರ ಹೇಳಿದರು.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಹಬ್ಬದ ಊಟಕ್ಕೆ ಎಲ್ಲ ಸೇರಿದಾಗ ಸುಮ್ನೆ ಕೂತು ಕೇಳು. ಬಾಯಿ ಹಾಕಬೇಡ.

ಇದ್ದವರಿಗೆ ಒಂದು ದಾರಿ ಮುಚ್ಚಿದರೆ ಇನ್ನೊಂದು ಸಿಗುತ್ತದೆ, ಅದನ್ನೂ ನೋಡು. ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಮಿಲ್ಲುಗಳ ಕಾರ್ಮಿಕ ಸಂಘ ಎಷ್ಟು ಗಟ್ಟಿ ಇತ್ತು ಅಂದರೆ, ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಇದೇ ಊರು ವಿಧಾನಸಭೆಗೆ ಕಳಿಸಿತ್ತು. ಆಮೇಲೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಹತ್ತಿ ಹೋಯಿತು, ಮೆಕ್ಕೆಜೋಳ ಬಂತು. ಅಪ್ಪನ ಅಂಗಡಿ ಮೆಕ್ಕೆಜೋಳಕ್ಕೆ ತಿರುಗಿಕೊಂಡಿತು, ಬೋರ್ಡು ಕೂಡ ಬದಲಿಸಬೇಕಾಗಲಿಲ್ಲ. ಮಿಲ್ಲಿನಲ್ಲಿ ನೂಲು ತೆಗೆಯುತ್ತಿದ್ದವರು ಏನಕ್ಕೆ ತಿರುಗಿಕೊಳ್ಳಬೇಕು? ಯಾರೋ ಆಟೋ ಓಡಿಸಿದರು, ಯಾರೋ ವಾಚ್‌ಮನ್ ಆದರು. ಮಿಲ್ಲು ಮುಚ್ಚಿದ್ದು ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತು ಅಷ್ಟೇ.

ನಿನ್ನ ಪತ್ರದಲ್ಲಿ ಒಂದು ಸಾಲು ಇದೆ. ನೀನು ಗಮನಿಸದೆ ಬರೆದದ್ದು ಅನ್ನಿಸುತ್ತದೆ. ನಿಮ್ಮ ಮನೆಗೆಲಸದ ಹೆಂಗಸಿನ ಮಗ ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಹೋಗಿ, ಗ್ಯಾರೇಜಿಗೆ ಸೇರಿದ. ಅವನು ನಿನ್ನ ಓರಗೆಯವನು. ನೀಟ್ ಆಗದಿದ್ದಾಗ ನಿನಗೆ ಕೋಚಿಂಗ್ ಸಿಕ್ಕಿತು, ಬೇರೆ ಕೋಣೆ ಸಿಕ್ಕಿತು, ಓದುವ ಹುಡುಗಿ ಅಂತ ರಾತ್ರಿ ಹಾಲು ಸಿಕ್ಕಿತು. ಅದೂ ಆಗದಿದ್ದಾಗ ಬಿ.ಎ. ಸಿಕ್ಕಿತು, ಕಥೆ ಬರೆಯಲು ಸಮಯ ಸಿಕ್ಕಿತು. ಅವನಿಗೆ ಪೂರಕ ಪರೀಕ್ಷೆ ಕಟ್ಟಲು ಯಾರಾದರೂ ಹೇಳಿದರಾ? ಇಬ್ಬರೂ ಫೇಲಾದವರೇ. ನಿನ್ನ ಆ ಒಂದು ವರ್ಷಕ್ಕೆ ಆದ ಖರ್ಚನ್ನು ಅಮ್ಮನ ಹತ್ತಿರ ಕೇಳಿ ಬರೆದುಕೋ. ಆ ಹುಡುಗನ ಅಮ್ಮನಿಗೆ ನೀವು ಕೊಡುವ ತಿಂಗಳ ಸಂಬಳವನ್ನೂ ಪಕ್ಕದಲ್ಲಿ ಬರಿ. ನಿನ್ನ ಕಥೆ ಅಲ್ಲಿಂದ ಶುರುವಾಗಬಹುದು.

ಜಾತಿಯನ್ನು ಬಿಟ್ಟು ಇದನ್ನೆಲ್ಲ ಬರೆಯಲು ಹೋಗಬೇಡ, ಆಗುವುದಿಲ್ಲ. ಯಾರಿಗೆ ಯಾವ ಲೋಟದಲ್ಲಿ ಚಹಾ ಅನ್ನುವುದು ದುಡ್ಡಿನಿಂದ ಮಾತ್ರ ತೀರ್ಮಾನ ಆಗಿರಲಿಲ್ಲ. 1973ರಲ್ಲಿ ಮಂತ್ರಿಯಾಗಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ, ಅಂದರೆ ದನಕ್ಕೆ ಹಾಕುವ ಹೊಟ್ಟು, ಅಂದರು ಅಂತ ದೊಡ್ಡ ಗಲಾಟೆ ಆಯಿತು, ಅವರ ಮಂತ್ರಿ ಪದವಿಯೇ ಹೋಯಿತು. ನಮ್ಮಂಥ ಮನೆಯವರಿಗೆ ಆ ಒಂದು ಪದ ಚುಚ್ಚಿತು. ಪುಸ್ತಕಗಳಲ್ಲಿ ಯಾರ ಬದುಕು ಇಲ್ಲ ಅನ್ನುವುದನ್ನು ಯಾರೂ ನಿಂತು ಕೇಳಲಿಲ್ಲ. ಆಮೇಲೆ ಆ ಬದುಕನ್ನು ಬದುಕಿದವರೇ ಬರೆದರು. ನಮ್ಮ ಕಡೆಯಿಂದ ಬರಬೇಕಾದ ಲೆಕ್ಕ ಇನ್ನೂ ಬಾಕಿ ಇದೆ.

ಅದನ್ನು ಅಳುತ್ತಾ ಕೊಡಬೇಡ. ನಿನ್ನ ಪತ್ರದಲ್ಲಿ "ನನಗೆ ನನ್ನ ಮೇಲೇ ಅಸಹ್ಯ" ಅಂತೆಲ್ಲ ಇದೆ. ಅದನ್ನು ಹೊಡೆದುಹಾಕು. ನೀನು ಅತ್ತರೆ ಓದುವವರು ನಿನ್ನನ್ನು ಸಮಾಧಾನ ಮಾಡುತ್ತಾ ಕೂರಬೇಕು. ಅಲ್ಲೂ ಸೇವೆ ಮಾಡಿಸಿಕೊಂಡವಳು ನೀನೇ ಆಗುತ್ತೀಯ.

ಮನೆಯವರಿಗೆ ನೋವಾಗುತ್ತದೆ ಅನ್ನುವ ಭಯ ಇರುತ್ತದೆ, ಗೊತ್ತು. ಹೆಸರು ಬದಲಿಸು, ಓಣಿ ಬದಲಿಸು, ಬೇಕಾದರೆ ಡಾಕ್ಟರನ್ನು ವಕೀಲನನ್ನಾಗಿ ಮಾಡು. ರೂಪಾಯಿ ಮಾತ್ರ ಇದ್ದಷ್ಟೇ ಇರಲಿ. ಬರೆದು ಮುಗಿಯುವ ತನಕ ಅಮ್ಮನಿಗೆ ತೋರಿಸಬೇಡ. ಅವರು ಬೇಡ ಅನ್ನುವುದಿಲ್ಲ, "ಇದೊಂದು ಮಾತು ತೆಗಿ ಪುಟ್ಟಿ" ಅನ್ನುತ್ತಾರೆ, ಅದು ಇನ್ನೂ ಕಷ್ಟ. ನಮ್ಮ ಅಂಗಡಿಯ ಆ ಪಟ್ಟಿಯ ಬಗ್ಗೆ ನಾನು ಬರೆದ ಕಥೆ ಅಚ್ಚಾದಾಗ ದೊಡ್ಡಪ್ಪ ನನ್ನ ಜೊತೆ ಮಾತು ಬಿಟ್ಟರು. ಬಹಳ ದಿನ ಆದಮೇಲೆ ಯಾವುದೋ ಗೃಹಪ್ರವೇಶದಲ್ಲಿ ಪಕ್ಕದ ಎಲೆಗೆ ಬಂದು ಕೂತು, "ಬಡ್ಡಿ ಲೆಕ್ಕ ಸರಿಯಾಗಿ ಬರೆದಿದ್ದೀಯ, ಯಾರು ಹೇಳಿಕೊಟ್ಟರು?" ಅಂತ ಕೇಳಿದರು.

ಹೊಸದನ್ನು ದೀಪಾವಳಿಯೊಳಗೆ ಕಳಿಸು. ಆಮೇಲೆ ನಾನು ಮಗಳ ಬಾಣಂತನಕ್ಕೆ ಹುಬ್ಬಳ್ಳಿಗೆ ಹೋಗುತ್ತೇನೆ, ಅಲ್ಲಿ ಓದುವುದು ದೂರದ ಮಾತು. ಭಟ್ಟಿಯ ಕಥೆಯನ್ನು ಹರಿಯಬೇಡ, ಎತ್ತಿಡು. ಆ ಹೆಂಗಸಿನ ಕೂಲಿ ಎಷ್ಟು ಅಂತ ಗೊತ್ತಾದ ದಿನ ಮತ್ತೆ ತೆಗೆಯಬಹುದು.

ನಿನ್ನ
ಅಕ್ಕ