ನಾಲಗೆ ಎಲ್ಲಿ ತಾಗಬೇಕು ಎಂದು ತೋರಿಸಿ

ಮಾನ್ಯರೇ,

ಕಾಸರಗೋಡಿನ ಮಕ್ಕಳು ತುಳು, ಮಲಯಾಳ, ಕನ್ನಡ ಮೂರನ್ನೂ ಕೇಳುತ್ತಾ ಬೆಳೆಯುತ್ತಾರೆ. ಒಂದರ ಧ್ವನಿ ಇನ್ನೊಂದರೊಳಗೆ ನುಸುಳಿದರೆ ಸುಮ್ನೆ ‘ತಪ್ಪು ಉಚ್ಚಾರ’ ಎಂದು ಗದರುವುದು ಬೇಸರದ ಸಂಗತಿ.

ಮಲಯಾಳದ ‘ೞ’ ನೋಡಿ. ನಾಲಗೆ ಹಿಂದಕ್ಕೆ ಮಡಚುತ್ತದೆ, ಆದರೆ ಅಂಗುಳಕ್ಕೆ ತಾಗುವುದಿಲ್ಲ. ತಾಗಿದರೆ ನಮ್ಮ ‘ಳ’. ಹಳಗನ್ನಡದ ಶಾಸನಗಳಲ್ಲೂ ಈ ಅಕ್ಷರ ಇತ್ತು. ಆಮೇಲೆ ಆ ಧ್ವನಿ ನಮ್ಮಲ್ಲಿ ಹೆಚ್ಚಾಗಿ ‘ಳ’ ಆಯಿತು. ಇನ್ನು ತುಳು ಪದಗಳ ಕೊನೆಯಲ್ಲಿ ಬರುವ, ತುಟಿ ದುಂಡಾಗದ ‘ಉ’ಕಾರಕ್ಕೆ ಕನ್ನಡ ಲಿಪಿಯಲ್ಲಿ ಬೇರೆ ಅಕ್ಷರವೇ ಇಲ್ಲ. ನಮ್ಮ ಮಕ್ಕಳು ಅದನ್ನು ಎಷ್ಟು ಸಲೀಸಾಗಿ ಆಡುತ್ತಾರೆ, ಅಲ್ವಾ?

ಗದರುವ ಬದಲು ನಾಲಗೆ, ತುಟಿಯ ಜಾಗ ತೋರಿಸಿದರೆ ಮಗುವಿಗೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಗಡಿನಾಡಿನ ಕನ್ನಡ ಶಿಕ್ಷಕರ ತರಬೇತಿಗೆ ಧ್ವನಿಯ ಪಾಠವನ್ನೂ ಸೇರಿಸಬೇಕು.

– ಒಬ್ಬ ಪೋಷಕ, ಕುಂಬಳೆ