ಸ್ಕೌಸ್ ಅಂದರೇನು ಅಂತ ಕೇಳಿದ್ರಲ್ಲ, ಅಪ್ಪಾಜಿ

ಲಿವರ್‌ಪೂಲ್
ಮಾರ್ಚ್ 2

ಪ್ರೀತಿಯ ಅಪ್ಪಾಜಿ, ಅಮ್ಮ,

ನಾನಿಲ್ಲಿ ಚೆನ್ನಾಗಿದ್ದೇನೆ. ಚಳಿ ಇನ್ನೂ ಬಿಟ್ಟಿಲ್ಲ, ಆಸ್ಪತ್ರೆಯಲ್ಲಿ ಕೆಲಸ ಜಾಸ್ತಿ. ಅಮ್ಮ, ನೀನು ಕಳಿಸಿದ ಚಟ್ನಿಪುಡಿ ತಲುಪಿತು.

ಅಪ್ಪಾಜಿ, ಫುಟ್‌ಬಾಲ್ ಮ್ಯಾಚ್ ನೋಡುವಾಗ ಲಿವರ್‌ಪೂಲ್‌ನವರನ್ನು ‘ಸ್ಕೌಸರ್’ ಅಂತ ಯಾಕೆ ಕರೀತಾರೆ, ಅದು ಬೈಗುಳವೋ ಹೊಗಳಿಕೆಯೋ ಅಂತ ಕೇಳಿದ್ರಲ್ಲ. ಫೋನಿನಲ್ಲಿ ಎರಡು ಮಾತಿಗೆ ಮುಗಿಸೋಕೆ ಮನಸ್ಸು ಬರಲಿಲ್ಲ. ಈ ಊರಿಗೆ ಬಂದ ಮೇಲೆ ನನಗೆ ತುಂಬಾ ಇಷ್ಟವಾದ ಪದ ಇದು.

ಸ್ಕೌಸ್ ಅಂದರೆ ಮೊದಲಿಗೆ ಒಂದು ಅಡುಗೆ. ಮಾಂಸ, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಟ್ಯೂ. ಹಳೆಯ ಹೆಸರು ಲಾಬ್‌ಸ್ಕೌಸ್. ಅದು ಹಡಗಿನವರ ಊಟ. ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದವರಿಗೆ ತಾಜಾ ತರಕಾರಿ ಎಲ್ಲಿಂದ ಬರಬೇಕು? ಉಪ್ಪು ಹಾಕಿಟ್ಟ ಮಾಂಸ, ಈರುಳ್ಳಿ, ಮೆಣಸು, ಹಲ್ಲಿಗೆ ಬಗ್ಗದ ಹಡಗಿನ ಬಿಸ್ಕತ್ತು. ಆ ಬಿಸ್ಕತ್ತನ್ನೇ ಪುಡಿ ಮಾಡಿ ಹಾಕಿ ಸಾರು ಗಟ್ಟಿ ಮಾಡಿಕೊಳ್ಳುತ್ತಿದ್ದರು. ನಾವಿಕರು ಹೋದ ಬಂದರುಗಳಲ್ಲೆಲ್ಲ ಈ ಊಟ ಉಳಿದುಕೊಂಡಿದೆ. ನಾರ್ವೆಯಲ್ಲಿ ಇದು ಲಾಪ್‌ಸ್ಕೌಸ್. ಹ್ಯಾಂಬರ್ಗ್‌ನಲ್ಲಿ ಲಾಬ್ಸ್‌ಕೌಸ್. ಅಲ್ಲಿಯವರು ಮಾಂಸ, ಆಲೂಗಡ್ಡೆ ಎಲ್ಲ ಕಿವುಚಿ, ಬೀಟ್‌ರೂಟ್ ಸೇರಿಸಿ, ಮೇಲೊಂದು ಮೊಟ್ಟೆ ಇಟ್ಟು ಕೊಡುತ್ತಾರೆ.

ಲಿವರ್‌ಪೂಲ್‌ನಲ್ಲಿ ದಡಕ್ಕೆ ಬಂದ ಮೇಲೆ ಬಿಸ್ಕತ್ತು ಹೋಗಿ ಆಲೂಗಡ್ಡೆ ಬಂತು. ಫ್ರೆಡರಿಕ್ ಈಡನ್ ಅನ್ನೋರು 1797ರಲ್ಲಿ ಇಂಗ್ಲೆಂಡಿನ ಬಡವರ ಬಗ್ಗೆ ಒಂದು ದೊಡ್ಡ ಪುಸ್ತಕ ತಂದರು. ಅದರಲ್ಲಿ ಈ ಊರಿನ ಬಡವರ ಆಶ್ರಯಮನೆಯ ಖರ್ಚಿನ ಲೆಕ್ಕವಿದೆ. ಸ್ಕೌಸ್‌ಗೆ ತೂಕದಲ್ಲಿ ದನದ ಮಾಂಸ 101 ಪೌಂಡ್, ಆಲೂಗಡ್ಡೆ 420 ಪೌಂಡ್, ಈರುಳ್ಳಿ 28 ಪೌಂಡ್. ಸುಮಾರು ನಾಲ್ಕು ಪಾಲು ಆಲೂಗಡ್ಡೆಗೆ ಒಂದು ಪಾಲು ಮಾಂಸ. ಅಪ್ಪಾಜಿ, ಇದನ್ನು ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಮಾಂಸಕ್ಕೆ ದುಡ್ಡೇ ಇಲ್ಲದ ದಿನ ಬರೀ ಆಲೂಗಡ್ಡೆ, ತರಕಾರಿ ಬೇಯಿಸುತ್ತಿದ್ದರು. ಅದಕ್ಕೂ ಹೆಸರಿದೆ, ಬ್ಲೈಂಡ್ ಸ್ಕೌಸ್, ಅಂದರೆ ಕುರುಡು ಸ್ಕೌಸ್. ಈಗ ಸಸ್ಯಾಹಾರಿಗಳು ಹೋಟೆಲ್‌ನಲ್ಲಿ ಅದನ್ನೇ ಕೇಳಿ ತಿನ್ನುತ್ತಾರೆ.

ಫೆಬ್ರವರಿ 28 ಇಲ್ಲಿ ಸ್ಕೌಸ್ ದಿನ. ಮೊನ್ನೆ ಪಕ್ಕದ ಮನೆಯ ಅಜ್ಜಿ ನನ್ನನ್ನು ಅಡುಗೆಮನೆಗೇ ಕರೆದುಕೊಂಡರು. ಅಮ್ಮ, ಗಾಬರಿಯಾಗಬೇಡ, ಕುರಿ ಮಾಂಸದ್ದೇ. ಮಾಂಸವನ್ನು ಕೆಂಪಗೆ ಹುರಿದುಕೊಂಡು ಈರುಳ್ಳಿ, ಕ್ಯಾರೆಟ್ ಹಾಕಿದರು. ಆಮೇಲೆ ಆಲೂಗಡ್ಡೆಯಲ್ಲಿ ಅರ್ಧ ಮಾತ್ರ, ಸಣ್ಣಗೆ ಹೆಚ್ಚಿ. ಅದು ಬೆಂದು ಕರಗಿ ಸಾರು ಮಂದವಾಗಬೇಕಂತೆ. ಉಳಿದ ಅರ್ಧವನ್ನು ದೊಡ್ಡ ಹೋಳು ಮಾಡಿ ಕೊನೆಗೆ ಹಾಕಿದರು, ಅದು ಬಾಯಿಗೆ ಸಿಗಬೇಕು. ಮಸಾಲೆ ಅಂತ ಏನೂ ಇಲ್ಲ, ಉಪ್ಪು, ಕಾಳುಮೆಣಸು ಅಷ್ಟೆ. ಜೊತೆಗೆ ವಿನಿಗರ್‌ನಲ್ಲಿ ನೆನೆಸಿಟ್ಟ ಕೆಂಪು ಎಲೆಕೋಸು, ಬೆಣ್ಣೆ ಸವರಿದ ಬ್ರೆಡ್. ಎಲೆಕೋಸಿನ ಆ ಹುಳಿ ಇಲ್ಲದಿದ್ದರೆ ಈ ಊಟ ಸಪ್ಪೆ. ಹುಳಿ ಸೇರಿದಾಗ ನಾನು ಎರಡನೇ ಸಲ ಬಡಿಸಿಕೊಂಡೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೊದಲು ಈ ಊರಿನವರನ್ನು ‘ಡಿಕ್ಕಿ ಸ್ಯಾಮ್’ ಅನ್ನುತ್ತಿದ್ದರಂತೆ. 20ನೇ ಶತಮಾನದಲ್ಲಿ ಆ ಹೆಸರು ಮರೆಯಾಗಿ ಸ್ಕೌಸರ್ ನಿಂತಿತು. ಸ್ಕೌಸ್ ತಿನ್ನೋನು ಸ್ಕೌಸರ್. ಕೀಳು ಊಟ ತಿನ್ನೋರು ಅಂತ ಹೊರಗಿನವರು ಅಣಕಿಸಿದ ಮಾತದು. ಬೆಂಗಳೂರಿನ ಹಾಸ್ಟೆಲ್‌ನಲ್ಲಿ ನಮ್ಮನ್ನು ‘ಏ ಮುದ್ದೆ’ ಅಂತ ಕರೆಯುತ್ತಿದ್ದರಲ್ಲ, ಹಾಗೆ. ಆದರೆ ಈ ಊರಿನವರು ಅದನ್ನು ಎತ್ತಿಕೊಂಡು ತಮ್ಮ ಹೆಸರು ಮಾಡಿಕೊಂಡರು. ಈಗ ಯಾರನ್ನು ಕೇಳಿದರೂ ‘ನಾನು ಸ್ಕೌಸರ್’ ಅಂತ ಎದೆಯುಬ್ಬಿಸಿ ಹೇಳುತ್ತಾರೆ. ನನಗೆ ಇದು ದೊಡ್ಡ ಮಾತು ಅನ್ನಿಸುತ್ತದೆ.

ಇವರ ಮಾತಿನ ಧಾಟಿಗೂ ಸ್ಕೌಸ್ ಅಂತಲೇ ಹೆಸರು. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಬರಗಾಲ ಬಿದ್ದಾಗ ಲಕ್ಷಾಂತರ ಜನ ಹಡಗು ಹತ್ತಿ ಈ ಬಂದರಿಗೆ ಬಂದರು. ಅವರ ಉಲಿಪು ಇಲ್ಲಿಯ ಮಾತಿನಲ್ಲಿ ಬೆರೆತು ಉಳಿಯಿತು. ‘ಬ್ಯಾಕ್’ (ಬೆನ್ನು) ಅನ್ನುವಾಗ ಕೊನೆಯ ಅಕ್ಷರ ಗಂಟಲಿನಿಂದ ಉಜ್ಜಿಕೊಂಡು ‘ಬ್ಯಾಖ್’ ಅಂತ ಬರುತ್ತದೆ. ಬೆನ್ನು ನೋವಿನ ರೋಗಿಯ ಹಾಸಿಗೆ ಹತ್ತಿರ ನಿಂತರೆ ಇದನ್ನು ದಿನವೂ ಕೇಳಬಹುದು. ‘ಹೇಗಿದ್ದೀರಿ’ ಅಂದರೆ ‘ಸೌಂಡ್’ ಅನ್ನುತ್ತಾರೆ, ಚೆನ್ನಾಗಿದ್ದೀನಿ ಅಂತ. ತುಂಬಾ ಚೆನ್ನಾಗಿದ್ದರೆ ಅದು ‘ಬಾಸ್’.

‘ಸ್ಕೌಸರ್’ ಅನ್ನೋ ಪದವನ್ನು ಮಾತ್ರ ಸ್ವಲ್ಪ ನೋಡಿ ಬಳಸಬೇಕು. ಪ್ರೀತಿಯಿಂದ ಅಂದರೆ ಖುಷಿ. ಹೀಯಾಳಿಸುವ ದನಿಯಲ್ಲಿ ಅಂದರೆ ತಕ್ಷಣ ಗೊತ್ತಾಗುತ್ತದೆ, ಸಹಿಸುವುದಿಲ್ಲ. ತಮ್ಮದು ಅನ್ನುವ ಹಟವೂ ಇದೆ. ಊರಿನ ಪಕ್ಕದ ಮರ್ಸಿ ನದಿಯ ಆಚೆ ದಡದವರು ತಾವೂ ಸ್ಕೌಸರ್ ಅಂದರೆ ‘ಪ್ಲಾಸ್ಟಿಕ್ ಸ್ಕೌಸರ್’ ಅಂತ ಕಿಚಾಯಿಸುತ್ತಾರೆ. ಆಚೆ ದಡದವರಿಗೇ ಹೀಗೆ. ನನಗೆ ಮಾತ್ರ ಅಜ್ಜಿ ಬಡಿಸುತ್ತಾ ‘ನೀನೂ ಸ್ಕೌಸರ್ ಆದೆ ಬಿಡು’ ಅಂದರು. ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತು ಗೊತ್ತಾ ಅಮ್ಮ!

ಇದನ್ನು ಪುಟ್ಟನಿಗೂ ಓದಿ ಹೇಳಿ ಅಪ್ಪಾಜಿ. ಲಿವರ್‌ಪೂಲ್ ಟೀಮಿನವರು ಮಾತ್ರ ಸ್ಕೌಸರ್, ಎವರ್ಟನ್ ಬೇರೆ ಊರು ಅಂತ ಅವನು ವಾದ ಮಾಡುತ್ತಿದ್ದ. ಎವರ್ಟನ್ನೂ ಇದೇ ಊರಿನ ಟೀಮು. ಒಂದೇ ಮನೆಯಲ್ಲಿ ಅಣ್ಣ ಲಿವರ್‌ಪೂಲ್‌ನ ಕೆಂಪು ಅಂಗಿ, ತಮ್ಮ ಎವರ್ಟನ್‌ನ ನೀಲಿ ಅಂಗಿ ಹಾಕಿಕೊಂಡು ಮ್ಯಾಚಿಗೆ ಹೋಗುತ್ತಾರೆ. ಇಬ್ಬರೂ ಸ್ಕೌಸರ್‌ಗಳೇ.

ಇಂತಿ ನಿಮ್ಮ ಪ್ರೀತಿಯ ಮಗಳು